ಲಿಫ್ಟಿನ ಲೆಕ್ಕ

ನಮ್ಮ ಕಟ್ಟಡದ ಲಿಫ್ಟಿಗೆ ಹೊಟ್ಟೆಯಲ್ಲೊಂದು ಹುಂಡಿ.
ಹತ್ತು ತೆತ್ರಿ ಹಾಕಿದರೆ ಗೊಣಗುತ್ತ ಏರುತ್ತದೆ,
ಹಾಕದಿದ್ದರೆ ಹಟ ಹಿಡಿದ ಎಮ್ಮೆ.
ಇಳಿಯುವುದಕ್ಕೆ ಮಾತ್ರ ಕಾಸಿಲ್ಲ.
ರುಸ್ತಾವಿಯಲ್ಲಿ ಯಾರೂ ಇದನ್ನು ವಿಚಿತ್ರ ಅನ್ನುವುದಿಲ್ಲ.

ಥೆಕ್ಲೆ ಮೆಟ್ಟಿಲಲ್ಲೇ ಬರುತ್ತಾಳೆ.
ಮಂಗಳವಾರ, ಶುಕ್ರವಾರ, ಸಂಜೆ ಆರಕ್ಕೆ.
ಅಡುಗೆಮನೆಯಲ್ಲಿ ಕೂತು ಎಣಿಸುತ್ತೇನೆ:
ಐದನೇ ಮಹಡಿಯವರೆಗೆ ಓಟ,
ಆರರಲ್ಲಿ ನಡಿಗೆ,
ಏಳರಲ್ಲಿ ನಾಯಿ ಬೊಗಳುತ್ತದೆ,
ಎಂಟರಲ್ಲಿ ಏನೂ ಕೇಳಿಸುವುದಿಲ್ಲ. ಹುಡುಗಿ ಗೋಡೆಗೊರಗಿ
ಉಸಿರು ಹೊಂದಿಸಿಕೊಳ್ಳುತ್ತಿದ್ದಾಳೆ,
ಬಾಗಿಲು ತೆರೆದಾಗ ನನಗೆ ಗೊತ್ತಾಗಬಾರದೆಂದು.

ನಾನು ನಾತೆಲಾ. ಇಪ್ಪತ್ತಾರು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ
ಕರಗಿದ ಲೋಹಕ್ಕೆ ಜ್ವರ ನೋಡಿದವಳು.
ಕುಲುಮೆ ಆರಿತು. ಈಗ ಒಂಬತ್ತನೇ ಮಹಡಿಯಲ್ಲಿ
ಒಲೆಯ ಮೇಲೆ ಕೆಂಪು ಕಾಳು,
ಮೇಜಿನ ಮೇಲೆ ಇಳಿಜಾರಲ್ಲಿ ಜಾರುವ ದಿಮ್ಮಿ.

ಪಾಠದ ಹಣ ಇಟಲಿಯಿಂದ ಬರುತ್ತದೆ.
ಅವಳ ಅಮ್ಮ ಅಲ್ಲಿ ಯಾರದೋ ಅಜ್ಜಿಗೆ ಸೂಪು ಕುಡಿಸುತ್ತಾಳೆ,
ಅಜ್ಜಿ ಮಲಗಿದ ಮೇಲೆ ಫೋನು ಮಾಡುತ್ತಾಳೆ:
"ಜುಲೈಯೊಳಗೆ ಆಗುತ್ತದಾ, ಟೀಚರ್?"
ಆಗುತ್ತದೆ ಅನ್ನುತ್ತೇನೆ. ಲೆನ್ಸು ಇನ್ನೂ ಶುರುವೇ ಆಗಿಲ್ಲ.

"ಉಳಿಸಿದ ಕಾಸೇನು ಮಾಡ್ತೀಯೇ?" ಒಮ್ಮೆ ಕೇಳಿದೆ.
"ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸು. ಪುಟಕ್ಕೆ ಹತ್ತು."
ಸರಿ, ಬರೆದುಕೋ ಅಂದೆ.
ನೀನು ಐವತ್ತೆರಡು ಕಿಲೋ, ಚೀಲ ಎರಡು,
ಎಂಟು ಅಂತಸ್ತು, ಒಂದೊಂದು ಮೂರು ಮೀಟರು,
ಗುರುತ್ವ ಹತ್ತೆಂದೇ ಇಟ್ಟುಕೋ, ಪರೀಕ್ಷೆಯವರೂ ಹಾಗೇ ಇಡುತ್ತಾರೆ.
ಹನ್ನೆರಡು ಸಾವಿರದ ಒಂಬೈನೂರ ಅರವತ್ತು ಜೂಲ್.
ಒಂದು ಹಾಳೆಯ ಬೆಲೆ.

"ಇಳಿದು ಹೋದ ಮೇಲೆ?"
ಗುರುತ್ವದ ಖಾತೆಯಲ್ಲಿ ಸೊನ್ನೆ. ಹೊರಟಲ್ಲಿಗೇ ಬಂದೆಯಲ್ಲ.
ಅವಳು ಪೆನ್ನು ಕೆಳಗಿಟ್ಟಳು.
"ಹಾಗಾದರೆ ಈ ಮಂಡಿನೋವು ಯಾರ ಖಾತೆಗೆ?"
ಉತ್ತರ ಗೊತ್ತಿತ್ತು: ಶಾಖ.
ಹೇಳಲಿಲ್ಲ. ಕಾಳು ಬಡಿಸಿದೆ.

ತೋರಿಕೆಯ ತೂಕ ಮಾತ್ರ ಅವಳ ತಲೆಗೆ ಹೋಗಲೇ ಇಲ್ಲ.
ಚಿತ್ರ ಬರೆದೆ, ಬಾಣ ಹಾಕಿದೆ, ಮೇಲಕ್ಕೊಂದು ಕೆಳಕ್ಕೊಂದು;
ಅವಳಿಗೆ ಬಾಣ ಕಂಡಿತು, ಲಿಫ್ಟಿನಲ್ಲಿ ನಿಂತ ಮನುಷ್ಯ ಕಾಣಲಿಲ್ಲ.
ಜೂನಿನ ಒಂದು ದಿನ ಬಚ್ಚಲಮನೆಯ ತೂಕದ ಯಂತ್ರ ಕಂಕುಳಲ್ಲಿಟ್ಟು
ಇಬ್ಬರೂ ಕೆಳಗಿಳಿದೆವು.
ನನ್ನ ಕಾಸು, ಅವಳ ಪಾದ.
ಗಡಕ್ಕೆಂದಿತು ಲಿಫ್ಟು. ಮುಳ್ಳು ಐವತ್ತಾರಕ್ಕೆ ಹಾರಿ
ಮರಳಿ ಐವತ್ತೆರಡರಲ್ಲಿ ಕೂತಿತು.
"ಟೀಚರ್, ಒಂದು ಕ್ಷಣ ದಪ್ಪಗಾಗಿದ್ದೆ!"
ನಾಲ್ಕರಲ್ಲಿ ಬಾಗಿಲು ತೆರೆಯಿತು:
ಗುಲ್ನಾಜಿ, ಎದೆಗವುಚಿಕೊಂಡ ಕಲ್ಲಂಗಡಿ.
ಜಾಗವೆಲ್ಲಿ? ಒಂದು ಕಾಲು ಯಂತ್ರದ ಮೇಲೇ ಇಟ್ಟಳು.
ಭೌತಶಾಸ್ತ್ರದಲ್ಲಿ ನೆರೆಹೊರೆಗೆ ಸೂತ್ರವಿಲ್ಲ.
ನಗುವಿನಲ್ಲಿ, ಒಂಬತ್ತು ಹತ್ತಿರವಾಗುವಾಗ ಮುಳ್ಳು ಇಳಿದದ್ದನ್ನು
ಮೂವರೂ ನೋಡಲಿಲ್ಲ.
ಮತ್ತೆ ಕೆಳಗೆ. ಮತ್ತೆ ಹತ್ತು ತೆತ್ರಿ.

ಜುಲೈ. ಪ್ರಶ್ನೆಪತ್ರಿಕೆಯಲ್ಲಿ ಲಿಫ್ಟು ಇರಲಿಲ್ಲ.
ಲೆನ್ಸು ಎರಡಿತ್ತು.

ಆ ಸಂಜೆ ಮೆಟ್ಟಿಲಲ್ಲಿ ಸದ್ದಿಲ್ಲ, ನಾಯಿಯೂ ಬೊಗಳಲಿಲ್ಲ.
ನೇರ ಬೆಲ್ಲು. ಕಾಸು ಹಾಕಿ ಬಂದಿದ್ದಾಳೆ.
ಹೇಗಾಯಿತೆಂದು ನಾನು ಕೇಳುವ ಮೊದಲೇ:
"ಯಂತ್ರ ಬೇಕಿಲ್ಲ ಟೀಚರ್. ಅಂಗಾಲಿಗೇ ಗೊತ್ತಾಗುತ್ತೆ,
ಎಂಟು ದಾಟಿದ ಮೇಲೆ, ಚೂರೇ ಚೂರು."
ಆಮೇಲೆ, ಶೂ ಬಿಚ್ಚುತ್ತ,
"ಒಂದು ಲೆನ್ಸು ತಪ್ಪಾಯ್ತು.
ಇನ್ನೊಂದು ಗೊತ್ತಿಲ್ಲ."

ಫಲಿತಾಂಶಕ್ಕೆ ಆಗಸ್ಟಾಗಬೇಕು.
ಅವಳನ್ನು ಕಳಿಸಿ, ಕಸದ ಬಕೆಟ್ಟು ಹಿಡಿದು ನಾನೂ ಹೊರಟೆ.
ಬಾಗಿಲು ಮುಚ್ಚಿತು, ನೆಲ ಕಾಲಡಿಯಿಂದ ತುಸು ಜಾರಿತು.
ಎಪ್ಪತ್ತೊಂಬತ್ತು ಕಿಲೋದ ನಾನು
ಎಪ್ಪತ್ತೆರಡಾದೆ,
ಎಂಟು ಬರುವವರೆಗೆ.
ಏಳರಲ್ಲಿ ನಾಯಿ ಬೊಗಳಿತು.